ಐದು ಸುತ್ತಿನ ಪರೀಕ್ಷೆ

ಮದುವೆಯಾದ ಹೊಸದರಿಂದಲೂ ನನ್ನ ಹೆಂಡತಿ ನನಗಿಂತ ಹತ್ತು ಹೆಜ್ಜೆ ಮುಂದೆ. ಇದು ಹೊಗಳಿಕೆಯಲ್ಲ, ನಡಿಗೆಯ ವಿಷಯ. ನಾನು ಅರಸೀಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವ ವೇಗವೇ ನನ್ನ ಮೈಗೂ ಹತ್ತಿದೆ ಎಂದು ಅವಳು ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಅವಳು ಮಾದಿಹಳ್ಳಿ ಕಡೆಯ ಪ್ರೈಮರಿ ಶಾಲೆಯಲ್ಲಿ ಟೀಚರು. ಹಳೇಬೀಡಿನ ನಮ್ಮ ಮನೆಯಿಂದ ಇಬ್ಬರೂ ಒಟ್ಟಿಗೇ ಬಸ್ ಸ್ಟ್ಯಾಂಡಿಗೆ ಹೊರಟರೂ ಅವಳು ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ನನ್ನ ಕಡೆ ಕೈ ಬೀಸುವ ಹೊತ್ತಿಗೆ ನಾನಿನ್ನೂ ದಾರಿಯ ಹೋಟೆಲಿನ ಮುಂದೆ ಇರುತ್ತಿದ್ದೆ.

ಬೆಳಗಿನ ನಡಿಗೆಗೆ ನಮಗೆ ದೇವಸ್ಥಾನವೇ ಜಾಗ. ಮನೆಯಿಂದ ಎರಡು ಬೀದಿ ದಾಟಿದರೆ ಗೇಟು. ಅದು ತೆರೆಯುತ್ತಿದ್ದ ಹಾಗೇ ಒಳಗೆ ಹೋಗಿ, ಚಪ್ಪಲಿ ಕಳಚಿ, ಗುಡಿಯ ಸುತ್ತಲಿನ ಎತ್ತರದ ಕಲ್ಲು ಜಗತಿಯನ್ನು ಹತ್ತುತ್ತೇವೆ. ದೂರದೂರಿನಿಂದ ಬಂದವರು ಅಲ್ಲಿ ತಲೆಯೆತ್ತಿ ಗೋಡೆ ನೋಡುತ್ತಾರೆ. ನಾವು ಊರಿನವರು ಕಾಲಡಿಯ ಕಲ್ಲು ಎಷ್ಟು ತಣ್ಣಗಿದೆ ಎಂದು ನೋಡುತ್ತೇವೆ. ಆ ದಾರಿ ನೇರವಾಗಿಲ್ಲ. ಗೋಡೆ ಮೂಲೆ ಮೂಲೆಯಾಗಿ ಒಳಗೆ ಹೋಗಿ ಹೊರಗೆ ಬಂದ ಹಾಗೆಲ್ಲ ಜಗತಿಯೂ ತಿರುಗುತ್ತದೆ. ಅವಳು ಅದರ ಮೇಲೆ ದಿನಕ್ಕೆ ಐದು ಸುತ್ತು ಹಾಕುತ್ತಿದ್ದಳು. ನಾನು ಒಂದು ಸುತ್ತು ಹಾಕಿ, ದೊಡ್ಡ ನಂದಿಯ ಮಂಟಪದ ಮೆಟ್ಟಿಲ ಮೇಲೆ ಕೂತು, ಅವಳ ಸಮಯ ನೋಡುತ್ತಿದ್ದೆ. ಅದಕ್ಕೆ ನನ್ನ ಕೈಗಡಿಯಾರ. ಐದನೇ ಸುತ್ತು ಮುಗಿಸಿ ಬಂದವಳು ಕೇಳುವುದು ಒಂದೇ ಪ್ರಶ್ನೆ: "ಎಷ್ಟಾಯ್ತ್ರೀ?"

ಸಾಮಾನ್ಯವಾಗಿ ಇಪ್ಪತ್ತು ನಿಮಿಷ ಆಗುತ್ತಿತ್ತು.

ಈ ಪದ್ಧತಿ ಶುರುವಾದದ್ದೇ ಥೈರಾಯ್ಡಿನಿಂದ. ಎಂಟು ವರ್ಷದ ಹಿಂದೆ ಅವಳು ಇದ್ದಕ್ಕಿದ್ದ ಹಾಗೆ ಮಂಕಾಗಿಬಿಟ್ಟಳು. ಬಾಚಣಿಗೆ ತುಂಬ ಕೂದಲು. ಮುಖ ಊದಿಕೊಂಡಿತು. ಏಪ್ರಿಲ್ ಬಿಸಿಲಿನಲ್ಲೂ ಚಳಿ ಎಂದು ಸ್ವೆಟರು ಹಾಕಿಕೊಂಡು ಕೂತಳು. ನನಗಿಂತ ಹತ್ತು ಹೆಜ್ಜೆ ಮುಂದೆ ಇದ್ದವಳು ಬಸ್ ಸ್ಟ್ಯಾಂಡಿನ ದಾರಿಯಲ್ಲಿ ನನ್ನ ಜೊತೆಗೇ ಬರತೊಡಗಿದಳು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಬೇಲೂರಿನ ಡಾಕ್ಟರಮ್ಮ ರಕ್ತಪರೀಕ್ಷೆ ಮಾಡಿಸಿ, ಕುತ್ತಿಗೆಯ ಗ್ರಂಥಿ ಸೋತಿದೆ, ಅದು ಮಾಡಬೇಕಾದ ಕೆಲಸವನ್ನು ಇನ್ನು ಮಾತ್ರೆ ಮಾಡಬೇಕು ಎಂದು ಐವತ್ತು ಮೈಕ್ರೋಗ್ರಾಮಿನ ಮಾತ್ರೆ ಬರೆದುಕೊಟ್ಟರು. ಬೆಳಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆಯಾದರೂ ಕಾಫಿ ಮುಟ್ಟಬಾರದು, ಆರು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು, ಆಮೇಲೂ ಆರು ತಿಂಗಳಿಗೋ ವರ್ಷಕ್ಕೋ ಒಂದು ಸಲ ತಪ್ಪದೆ ಬರಬೇಕು ಎಂದರು.

ಇಷ್ಟೆಲ್ಲದರಲ್ಲಿ ಅವಳಿಗೆ ಕಷ್ಟವಾದದ್ದು ಕಾಫಿ. ಎದ್ದ ಕೂಡಲೇ ಲೋಟ ಹಿಡಿಯುತ್ತಿದ್ದವಳು ಅರ್ಧ ಗಂಟೆ ಏನು ಮಾಡಬೇಕು? "ಇಲ್ಲೇ ಕೂತಿದ್ರೆ ಡಿಕಾಕ್ಷನ್ ವಾಸನೆ ತಡೆಯಕ್ಕಾಗಲ್ಲ ಕಣ್ರೀ" ಎಂದು ದೇವಸ್ಥಾನಕ್ಕೆ ಹೊರಟಳು. ಹಾಗೆ ಶುರುವಾಯಿತು ಐದು ಸುತ್ತು. ಎರಡೇ ತಿಂಗಳಲ್ಲಿ ಅವಳು ಮೊದಲಿನ ಹಾಗಾದಳು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ನಾನು ಮತ್ತೆ ಹಿಂದೆ ಉಳಿದೆ. ಅಷ್ಟು ಖುಷಿಯಿಂದ ಹಿಂದೆ ಉಳಿದವನು ಯಾವನೂ ಇರಲಿಕ್ಕಿಲ್ಲ.

ಮೊದಲ ಎರಡು ವರ್ಷ ರಕ್ತ ಕೊಟ್ಟಳು. ಪ್ರತಿ ಸಲವೂ ಎಲ್ಲ ಸರಿಯಾಗಿದೆ ಎಂದು ಬಂತು. ಆಮೇಲೆ ಲಾಕ್‌ಡೌನ್ ಬಂದು ಬಸ್ಸುಗಳು ನಿಂತವು, ಪರೀಕ್ಷೆಯೂ ನಿಂತಿತು. ಬಸ್ಸುಗಳು ಮತ್ತೆ ಶುರುವಾದವು. ಪರೀಕ್ಷೆ ಆಗಲಿಲ್ಲ. ಎಲ್ಲ ಸರಿಯಿದ್ದಾಗ ಬೇಲೂರಿಗೆ ಹೋಗಿ ಯಾಕೆ ಸೂಜಿ ಚುಚ್ಚಿಸಿಕೊಳ್ಳಬೇಕು ಎಂಬುದು ಅವಳ ವಾದ. ಶನಿವಾರ ಅರ್ಧ ದಿನದ ರಜೆ ಉಳಿಯಿತು ಎಂಬುದು ನನ್ನ ಸಮಾಧಾನ. ಮಾತ್ರೆಯನ್ನು ನಾನು ಅರಸೀಕೆರೆಯಿಂದಲೇ ತರುತ್ತಿದ್ದೆ. ನಮ್ಮ ಕಚೇರಿಯಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಔಷಧದ ಅಂಗಡಿ. ಅಂಗಡಿಯವನು ನನ್ನ ಜೊತೆ ಓದಿದವನು. ಚೀಟಿ ಕೇಳುವಷ್ಟು ದೂರದವನಲ್ಲ. ನಾನು ಬಾಗಿಲಲ್ಲಿ ಕಂಡ ಕೂಡಲೇ ನೂರು ಮಾತ್ರೆಯ ಡಬ್ಬಿ ಕೈಗೆ ಬರುತ್ತಿತ್ತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ಜಾವಗಲ್ಲಿನ ಕಡೆಯಿಂದ ಬಿಸಿಲಲ್ಲಿ ಬಂದ ಮುದುಕರನ್ನು, ಅರ್ಜಿಯ ಜೊತೆ ಒಂದು ನಕಲು ಕಡಿಮೆಯಿದೆ ಎಂದು ವಾಪಸು ಕಳಿಸಿದವನು ನಾನು. ರುಜು ಇಲ್ಲದ, ಮೊಹರು ಇಲ್ಲದ ಒಂದು ಕಾಗದವೂ ನನ್ನ ಮೇಜು ದಾಟಿಲ್ಲ ಎಂದು ಜಂಬ ಕೊಚ್ಚಿಕೊಂಡವನು. ಆದರೆ ನನ್ನ ಹೆಂಡತಿಯ ಹೊಟ್ಟೆಗೆ ಹೋಗುವ ಔಷಧಕ್ಕೆ ನಾಲ್ಕು ವರ್ಷ ಒಂದು ಚೀಟಿಯೂ ಇಲ್ಲದೆ ಹೋದದ್ದು ನನಗೆ ಹೊಳೆಯಲೇ ಇಲ್ಲ.

ಒಂದು ವರ್ಷ ಮಾರ್ಚ್ ತಿಂಗಳಲ್ಲಿ ಅವಳ ಸಮಯ ಇಪ್ಪತ್ತೈದು ನಿಮಿಷಕ್ಕೆ ಹೋಯಿತು. ಮರುದಿನ ಇಪ್ಪತ್ತಾರು. ಮೆಟ್ಟಿಲ ಮೇಲೆ ಉಸ್ಸೆಂದು ಕೂತಳು. "ಮಾತ್ರೆ ಸಾಲ್ತಿಲ್ಲ ಕಣ್ರೀ" ಎಂದಳು. ಡಾಕ್ಟರನ್ನು ಕೇಳೋಣ ಎಂದು ನಾನು ಅಂದೆ, ಬಾಯಿಮಾತಿಗೆ. "ಕೇಳೋದೇನು? ಅವರೂ ಅದನ್ನೇ ಹೇಳೋದು. ಸುಸ್ತಾದ್ರೆ ಡೋಸ್ ಜಾಸ್ತಿ ಮಾಡ್ತಾರೆ. ನನ್ನ ಮೈ ನನಗೆ ಗೊತ್ತಾಗಲ್ವಾ?" ಮರುದಿನದಿಂದ ಒಂದೂವರೆ ಮಾತ್ರೆ. ತಿಂಗಳು ಕಳೆಯುವುದರಲ್ಲಿ ಇಪ್ಪತ್ತೆರಡು ನಿಮಿಷಕ್ಕೆ ಬಂದಳು. ಆಮೇಲೆ ಎರಡು ಮಾತ್ರೆ. ಎರಡೆರಡು ನುಂಗುವುದು ಯಾಕೆಂದು ನಾನೇ ನೂರು ಮೈಕ್ರೋಗ್ರಾಮಿನ ಮಾತ್ರೆಯ ಡಬ್ಬಿ ತಂದುಕೊಟ್ಟೆ. "ಏನಯ್ಯಾ, ಡೋಸ್ ಜಾಸ್ತಿ ಮಾಡಿದ್ರಾ ಡಾಕ್ಟ್ರು?" ಎಂದು ಅಂಗಡಿಯ ಸ್ನೇಹಿತ ಕೇಳಿದ. ನಾನು "ಹೂಂ" ಎಂದೆ. ಆ ಒಂದು ಹೂಂ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅವಳಿಗೆ ಅದೊಂದು ಲೆಕ್ಕಾಚಾರವಾಗಿ ಹೋಗಿತ್ತು. ಐದು ಸುತ್ತು ಇಪ್ಪತ್ತು ನಿಮಿಷದೊಳಗೆ ಮುಗಿದರೆ ಡೋಸ್ ಸರಿ. ಮುಗಿಯದಿದ್ದರೆ ಕಾಲು ಮಾತ್ರೆ ಸೇರಿಸಬೇಕು. ಕಾಲು ಮಾತ್ರೆಗೆ ಅಡಿಕೆ ಕತ್ತರಿ. ಬೇಲೂರಿನ ಲ್ಯಾಬಿನಲ್ಲಿ ಆಗುತ್ತಿದ್ದ ಪರೀಕ್ಷೆ ಹೀಗೆ ನಮ್ಮೂರಿನ ಗುಡಿಯ ಜಗತಿಗೆ ಬಂತು. ಪರೀಕ್ಷಕ ನಾನು, ಮೆಟ್ಟಿಲ ಮೇಲೆ ಗಡಿಯಾರ ನೋಡುತ್ತ.

ಆ ವರ್ಷ ಅವಳು ಚೆನ್ನಾಗಿ ಕಾಣುತ್ತಿದ್ದಳು, ಇದನ್ನು ಮುಚ್ಚಿಡುವುದಿಲ್ಲ. ತೆಳ್ಳಗಾದಳು. ರವಿಕೆಗಳನ್ನೆಲ್ಲ ದರ್ಜಿಯ ಹತ್ತಿರ ಹಿಡಿಸಿಕೊಂಡು ಬಂದಳು. ಹಾಲು ತರುವ ಹೆಂಗಸು ಒಂದು ದಿನ ಅವಳನ್ನು ಮೇಲಿಂದ ಕೆಳಗೆ ನೋಡಿ, "ಏನ್ ಟೀಚರಮ್ಮಾರೆ, ವಯಸ್ಸು ಹಿಂದಕ್ಕೋಯ್ತಾ ಐತಲ್ಲ! ಅದೇನ್ ತಿಂತೀರೋ ನಮ್ಗೂ ಒಸಿ ಯೋಳ್ರವ್ವ" ಎಂದಳು. ನನ್ನ ಹೆಂಡತಿ ನಕ್ಕು ಡಬ್ಬಿಯಿದ್ದ ಶೆಲ್ಫಿನ ಕಡೆ ನೋಡಿದಳು. ಕೊಡಲಿಲ್ಲ, ದೇವರ ದಯೆ. ಸಮಯ ಹದಿನೆಂಟಕ್ಕೆ ಇಳಿಯಿತು, ಹದಿನಾರಕ್ಕೆ ಇಳಿಯಿತು. ನಾನೂ ಕಚೇರಿಯಲ್ಲಿ ಹೇಳಿಕೊಂಡು ತಿರುಗಿದೆ. ಐವತ್ತರ ಹತ್ತಿರ ಬಂದ ನನ್ನ ಹೆಂಡತಿ ಹುಡುಗಿಯ ಹಾಗೆ ಓಡುತ್ತಾಳೆ ಎಂದು ಹೇಳಿಕೊಳ್ಳುವುದರಲ್ಲಿ ಗಂಡಸಿಗೆ ಒಂದು ಸುಖ ಇರುತ್ತದೆ.

ಉಳಿದದ್ದೆಲ್ಲ ಕಣ್ಣಿಗೆ ಬೀಳುತ್ತಿತ್ತು, ಆದರೆ ಪ್ರತಿಯೊಂದಕ್ಕೂ ನಮ್ಮ ಹತ್ತಿರ ಒಂದು ಒಳ್ಳೆಯ ಕಾರಣ ಸಿದ್ಧವಾಗಿತ್ತು. ಡಿಸೆಂಬರಿನಲ್ಲೂ ಫ್ಯಾನು ಬೇಕು ಎಂದಳು. ಸದ್ಯ, ಆ ಹಾಳು ಚಳಿ ಬಿಟ್ಟಿತಲ್ಲ ಎಂದುಕೊಂಡೆವು. ನಿದ್ದೆ ಕಡಿಮೆಯಾಯಿತು, ಕೆಲಸಕ್ಕೆ ಹೊತ್ತು ಸಿಗುತ್ತದೆ ಎಂದಳು. ಮಾತು ಜೋರಾಯಿತು, ಸಿಟ್ಟು ಮೂಗಿನ ತುದಿಗೆ ಬಂತು. ಅದು ಮೊದಲೂ ಸ್ವಲ್ಪ ಇತ್ತು ಎಂದು ನಾನು ತಳ್ಳಿಹಾಕಿದೆ. ಅವಳ ಕೈಬರಹ ಆ ಕಡೆಯ ಶಾಲೆಗಳಲ್ಲೆಲ್ಲ ಹೆಸರಾದದ್ದು. ಶಾಲೆಯ ಕಾರ್ಯಕ್ರಮವಿದ್ದರೆ ಬೋರ್ಡು ಬರೆಯುವುದು ಅವಳೇ. ಆ ಸಲ ಮನೆಯಲ್ಲಿ ಒಂದು ಹಾಳೆಯ ಮೇಲೆ ಬರೆದು ನೋಡಿ, ಹರಿದು, ಮತ್ತೆ ಬರೆದು ಹರಿದಳು. ಕೈ ನಡುಗುತ್ತಿತ್ತು. "ಪೆನ್ನು ಸರಿ ಇಲ್ಲ" ಎಂದಳು. ನಾನು ಹೊಸ ಪೆನ್ನು ತಂದುಕೊಟ್ಟೆ! ಇಷ್ಟು ದಡ್ಡ ಗಂಡ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಅದೇ ಡಿಸೆಂಬರಿನ ಒಂದು ಬೆಳಿಗ್ಗೆ. ಮಂಜು ಇನ್ನೂ ಹುಲ್ಲಿನ ಮೇಲಿತ್ತು. ನಾನು ಮಫ್ಲರು ಸುತ್ತಿಕೊಂಡು ಮೆಟ್ಟಿಲ ಮೇಲೆ ಮುದುಡಿ ಕೂತಿದ್ದೆ. ಅವಳು ಸ್ವೆಟರೂ ಇಲ್ಲದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಯ ಕೆಳಸಾಲಿನ ಆನೆಗಳ ಪಕ್ಕದಲ್ಲೇ ಬಿರಬಿರನೆ ತಿರುಗುತ್ತಿದ್ದಳು. ಐದನೇ ಸುತ್ತು ಮುಗಿಸಿ ಇಳಿದು ಬಂದಳು. ಮುಖವೆಲ್ಲ ಬೆವರು.

"ಎಷ್ಟಾಯ್ತ್ರೀ?"

"ಹದಿಮೂರೂವರೆ ಕಣೇ!" ಎಂದು ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಎದೆಯ ಮೇಲೆ ಕೈಯಿಟ್ಟುಕೊಂಡು ನಂದಿಯ ಮಂಟಪದ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ರೀ, ಎದೆ ಒಳಗೆ ಏನೋ ತಪ್ಪಿ ತಪ್ಪಿ ಹೊಡ್ಕೊಳ್ತಿದೆ. ಕಣ್ಣು ಕತ್ತಲೆ ಬರ್ತಿದೆ" ಎಂದಳು. ನಾನು ಅವಳ ಕೈ ಹಿಡಿದೆ. ಮಣಿಕಟ್ಟಿನಲ್ಲಿ ಬಡಿತ ಎರಡು ಸಲ ಓಡುತ್ತಿತ್ತು, ಒಂದು ಸಲ ಎಡವುತ್ತಿತ್ತು, ಮತ್ತೆ ನಾಲ್ಕು ಸಲ ಓಡುತ್ತಿತ್ತು. ಯಾವ ಕ್ರಮವೂ ಇರಲಿಲ್ಲ. ನನ್ನ ಚಪ್ಪಾಳೆಯ ಸದ್ದು ಇನ್ನೂ ನನ್ನ ಕಿವಿಯಲ್ಲೇ ಇತ್ತು. ಕಾವಲಿನವರು ನೀರು ತಂದುಕೊಟ್ಟು ಆಟೋ ಕರೆದರು. ಬೇಲೂರಿನವರೆಗೂ ನಾನು ಆ ಕೈ ಬಿಡಲಿಲ್ಲ. ಅವಳು ಸತ್ತುಹೋಗುತ್ತಾಳೆ ಎಂದೇ ಅಂದುಕೊಂಡಿದ್ದೆ. ಆ ದಾರಿಯ ಒಂದು ಊರೂ, ಒಂದು ಮರವೂ ನನಗೆ ನೆನಪಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಸೂಜಿಮದ್ದು ಕೊಟ್ಟರು, ರಕ್ತ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಬಡಿತ ಸ್ವಲ್ಪ ಹತೋಟಿಗೆ ಬಂತು. ಸಂಜೆ ಡಾಕ್ಟರಮ್ಮ ರಿಪೋರ್ಟು ಹಿಡಿದುಕೊಂಡು ಮಂಚದ ಹತ್ತಿರ ಬಂದು ನಿಂತರು.

"ಕೊನೇ ಸಲ ಥೈರಾಯ್ಡ್ ಟೆಸ್ಟ್ ಯಾವಾಗ ಮಾಡಿಸಿದ್ದು?"

"ಲಾಕ್‌ಡೌನಿಗೆ ಮುಂಚೆ" ಎಂದೆ.

"ಈಗ ಎಷ್ಟು ತಗೊಳ್ತಿದ್ದೀರಿ?"

"ನೂರು... ಅದರ ಮೇಲೊಂದು ಕಾಲು" ಎಂದಳು ಇವಳು, ಹೋಂವರ್ಕ್ ಮಾಡದ ಮಗುವಿನ ಹಾಗೆ.

"ಯಾರು ಬರೆದುಕೊಟ್ಟಿದ್ದು?"

"ನಾನೇ."

"ತಂದುಕೊಟ್ಟಿದ್ದು?"

"ನಾನೇ" ಎಂದೆ ನಾನು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಮಾತ್ರೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಾಗಿ, ರಕ್ತದಲ್ಲಿ ಆ ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಟಿಎಸ್‌ಎಚ್ ಅನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವಷ್ಟು ಇಳಿದಿತ್ತು. ಹೃದಯ ಹೀಗೆ ಕ್ರಮ ತಪ್ಪಿ ಬಡಿದುಕೊಂಡರೆ ಒಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ವರ್ಷಗಟ್ಟಲೆ ಹೀಗೇ ನಡೆದರೆ ಮೂಳೆಯೂ ಟೊಳ್ಳಾಗುತ್ತದೆ. "ಡೋಸ್ ಬದಲಾಯಿಸಿದ್ರೆ ಅದು ಸರಿಹೋಯ್ತೋ ಇಲ್ವೋ ಅಂತ ಗೊತ್ತಾಗೋಕೇ ಆರು ವಾರ ಬೇಕು. ಅದೂ ರಕ್ತದಲ್ಲಿ ಮಾತ್ರ ಗೊತ್ತಾಗೋದು. ನೀವು ನೋಡಿದ್ರೆ ಕಾಲುಕಾಲು ಸೇರಿಸ್ತಾ ಹೋಗಿದ್ದೀರಿ" ಎಂದರು.

"ಆದ್ರೆ ಆಗ ನಿಜವಾಗ್ಲೂ ಸುಸ್ತಿತ್ತು ಡಾಕ್ಟ್ರೇ" ಎಂದಳು ಇವಳು, ಸೋಲೊಪ್ಪದೆ.

"ಇತ್ತು. ಇವತ್ತೂ ಇದೆ. ನಿಮಗೆ ರಕ್ತ ಕಡಿಮೆ ಇದೆ ಟೀಚರೇ. ಕಬ್ಬಿಣದಂಶ ತಳಕ್ಕೆ ಹೋಗಿದೆ. ಆವತ್ತು ಬಂದು ರಕ್ತ ಕೊಟ್ಟಿದ್ರೆ ಆವತ್ತೇ ಗೊತ್ತಾಗ್ತಿತ್ತು."

 ನನ್ನ ಹೆಂಡತಿ ದೇವಸ್ಥಾನದ ಐದು ಸುತ್ತಿನ ವಿಷಯ, ನಿಮಿಷಗಳ ವಿಷಯ ಎಲ್ಲವನ್ನೂ ತಾನೇ ಬಾಯಿಬಿಟ್ಟು ಹೇಳಿದಳು. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಮಾತ್ರೆ ಜಾಸ್ತಿಯಾದಷ್ಟೂ ಮೈ ಓಡತ್ತೆ. ನಿಮ್ಮ ಪರೀಕ್ಷೆಯಲ್ಲಿ ಜಾಸ್ತಿ ನುಂಗಿದವರಿಗೇ ಜಾಸ್ತಿ ಮಾರ್ಕ್ಸ್" ಎಂದರು.

"ಪ್ರಶ್ನೆಪತ್ರಿಕೆನೂ ನಂದೇ, ಉತ್ತರನೂ ನಂದೇ, ಮೌಲ್ಯಮಾಪನನೂ ನಂದೇ ಆಗೋಯ್ತಲ್ಲ" ಎಂದು ಇವಳೂ ನಕ್ಕಳು. ನಗುತ್ತಲೇ ಅತ್ತಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಮರುದಿನ ಬಡಿತ ತನ್ನ ದಾರಿಗೆ ಬಂತು. ಅಷ್ಟರಲ್ಲಿ ಇವಳಿಗೆ ರೋಷ ಹತ್ತಿತ್ತು. "ಇನ್ನು ಈ ಮಾತ್ರೆಯ ಸಹವಾಸವೇ ಬೇಡ, ಪೂರ್ತಿ ಬಿಡ್ತೀನಿ" ಎಂದಳು. ಅದೂ ಅಷ್ಟೇ ದೊಡ್ಡ ತಪ್ಪು ಎಂದು ಡಾಕ್ಟರಮ್ಮ ಆಗ ಮಾತ್ರ ಗದರಿಸಿದರು. ಕೆಲವು ದಿನ ತಾವೇ ನಿಲ್ಲಿಸಿ, ಆಮೇಲೆ ಮೊದಲಿನ ಐವತ್ತಕ್ಕೆ ಇಳಿಸಿ ಬರೆದುಕೊಟ್ಟರು. ಹೃದಯಕ್ಕೆ ಬೇರೆ ಮಾತ್ರೆ. ಕಬ್ಬಿಣದ ಮಾತ್ರೆಯನ್ನು ಮಧ್ಯಾಹ್ನವೇ ನುಂಗಬೇಕು, ಬೆಳಗಿನ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆಯಾದರೂ ಅಂತರ ಇರಬೇಕು ಎಂದರು. ನನಗೂ ಒಂದು ಕೆಲಸ ಕೊಟ್ಟರು. ದಿನಾ ಬೆಳಿಗ್ಗೆ ಅವಳ ನಾಡಿಯನ್ನು ಒಂದು ನಿಮಿಷ ಪೂರ್ತಿ ಎಣಿಸಬೇಕು. ಓಡಿದರೆ, ಎಡವಿದರೆ ಕೂಡಲೇ ಬರಬೇಕು. "ಇದು ಡೋಸ್ ನಿರ್ಧಾರ ಮಾಡೋಕಲ್ಲ, ಮತ್ತೆ ಹೊಸ ಪರೀಕ್ಷೆ ಶುರು ಮಾಡ್ಬೇಡಿ" ಎಂದು ನನ್ನ ಮುಖ ನೋಡಿ ಹೇಳಿದರು.

ಅರಸೀಕೆರೆಗೆ ಹೋದವನೇ ಅಂಗಡಿಯ ಸ್ನೇಹಿತನ ಮೇಲೆ ಹಾರಾಡಿದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. "ತಪ್ಪಾಯ್ತು ಕಣಯ್ಯ. ಆದ್ರೆ ನಾನು ಕೇಳಿದ್ದೆ, ನೀನು ಹೂಂ ಅಂದೆ" ಎಂದ. ಅಲ್ಲಿಗೆ ನನ್ನ ಹಾರಾಟ ಮುಗಿಯಿತು. ಈಗ ಅವನು ನನ್ನನ್ನು ಕಂಡರೆ ಮೊದಲು ಚೀಟಿಗೆ ಕೈ ಚಾಚುತ್ತಾನೆ.

ಕಷ್ಟದ ದಿನಗಳು ಆಸ್ಪತ್ರೆಯಿಂದ ಬಂದ ಮೇಲೆ ಬಂದವು. ಡೋಸ್ ಇಳಿದ ಮೇಲೆ ಅವಳಿಗೆ ಮೈಯೆಲ್ಲ ಭಾರವಾಯಿತು. ದೇವಸ್ಥಾನದಲ್ಲಿ ಒಂದು ಸುತ್ತು ಹಾಕುವುದೇ ಸಾಹಸ. ಗಡಿಯಾರವನ್ನು ನಾನು ಅಂಗಿಯ ತೋಳಿನೊಳಗೆ ಮುಚ್ಚಿಕೊಳ್ಳುತ್ತಿದ್ದೆ. ನಾಲ್ಕನೇ ವಾರದಲ್ಲಿ ಒಂದು ದಿನ, ಗುಡಿಯ ಹಿಂಬದಿಯಲ್ಲಿ, ಯಾರೂ ಇಲ್ಲದ ಕಡೆ, ಅವಳು ಜಗತಿಯ ಅಂಚಿನಲ್ಲಿ ಕೂತು ಅತ್ತುಬಿಟ್ಟಳು. "ನಾನು ಒಂದೇ ತಿಂಗಳಲ್ಲಿ ಮುದುಕಿ ಆಗೋದೆ ಕಣ್ರೀ. ಒಂದೇ ಒಂದು ಕಾಲು ಕೊಡಿ. ಇವತ್ತೊಂದಿನ. ಯಾರಿಗೂ ಹೇಳಲ್ಲ."

ನೂರರ ಡಬ್ಬಿ ನನ್ನ ಕಚೇರಿಯ ಬ್ಯಾಗಿನಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಕೈಗೆ ಸಿಗಬಾರದೆಂದು ಅಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಆವತ್ತು ಬಸ್ಸಿಗೆ ನೇರ ಹೋಗುವುದಿದ್ದರಿಂದ ಬ್ಯಾಗು ಹೆಗಲಲ್ಲೇ ಇತ್ತು. ನಿಜ ಹೇಳುತ್ತೇನೆ, ನಾನು ಡಬ್ಬಿ ತೆಗೆದೆ. ಮುಚ್ಚಳವನ್ನೂ ತಿರುಗಿಸಿದೆ. ಅವಳು ಅಳುವುದನ್ನು ನೋಡಲು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅವಳು ಅಂಗೈ ಚಾಚಿದಳು. ಆ ಅಂಗೈ ಈಗ ನಡುಗುತ್ತಿರಲಿಲ್ಲ. ಅದನ್ನು ನೋಡಿದವನೇ ನಾನು ಮುಚ್ಚಳ ಬಿಗಿದೆ.

"ನೀನು ನಿಧಾನಕ್ಕೆ ನಡೆದ್ರೆ ನನಗೇನೂ ತೊಂದ್ರೆ ಇಲ್ಲ ಕಣೇ" ಎಂದೆ. "ನೀನು ಇಲ್ದೆ ಹೋದ್ರೆ ನನ್ನ ಕೈಲಿ ಆಗಲ್ಲ. ಆಟೋದಲ್ಲಿ ಆವತ್ತು ನನಗೆ ಗೊತ್ತಾಯ್ತು."

ಇಪ್ಪತ್ತೈದು ವರ್ಷದಲ್ಲಿ ಇಂಥ ಮಾತು ನಾನು ಆಡಿದವನಲ್ಲ. ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. "ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ? ನಿಮ್ಮ ಕಡತದ ಬುದ್ಧಿ" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದಳು. ಆರು ವಾರಕ್ಕೆ ಬೇಲೂರಿಗೆ ಹೋದಾಗ ಡಬ್ಬಿಯನ್ನು ಅವಳೇ ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು.

ಆ ಸಲ ರಿಪೋರ್ಟು ಪೂರ್ತಿ ಸರಿಯಿರಲಿಲ್ಲ, ಆದರೆ ಸರಿಯ ದಾರಿಯಲ್ಲಿತ್ತು. ಅದರ ಮುಂದಿನ ಸಲ ಸರಿಯಾಯಿತು. ಹೃದಯದ ಮಾತ್ರೆ ನಿಂತಿತು. ರಕ್ತವೂ ಏರಿತು, ಮೈಯ ಭಾರ ತಾನಾಗಿ ಇಳಿಯಿತು. ಶಾಲೆಯ ಬೋರ್ಡಿನ ಮೇಲೆ ಅಕ್ಷರಗಳು ಮತ್ತೆ ದುಂಡಗೆ ನಿಂತವು. ಈಗ ಅವಳ ಪರೀಕ್ಷೆಯ ದಿನ ನನ್ನ ಕಚೇರಿಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿದೆ. ಆ ಶನಿವಾರ ಇಬ್ಬರೂ ಬೇಲೂರಿನ ಬಸ್ಸು ಹತ್ತುತ್ತೇವೆ.

ಬೆಳಿಗ್ಗೆ ಈಗಲೂ ದೇವಸ್ಥಾನಕ್ಕೆ ಹೋಗುತ್ತೇವೆ. ಸುತ್ತು ಎಷ್ಟಾಗುತ್ತದೋ ಅಷ್ಟು, ಇಬ್ಬರೂ ಜೊತೆಗೆ. ಆಮೇಲೆ ಮಂಟಪದ ಮೆಟ್ಟಿಲ ಮೇಲೆ ಕೂತು ನಾನು ಅವಳ ಮಣಿಕಟ್ಟು ಹಿಡಿದು ಅದೇ ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸುತ್ತೇನೆ. ಕಳೆದ ಸಲ ಅವಳು ಲ್ಯಾಬಿನಲ್ಲಿ ರಕ್ತ ಕೊಡುತ್ತಿದ್ದಾಗ ಡಾಕ್ಟರಮ್ಮ ನನಗೆ ಹೇಳಿದ್ದರು, ಇನ್ನು ದಿನಾ ನಾಡಿ ನೋಡುವ ಅಗತ್ಯವಿಲ್ಲ ಎಂದು. ಆ ಮಾತನ್ನು ನಾನು ಮನೆಗೆ ತಂದಿರಲಿಲ್ಲ.

ಮೊನ್ನೆ ಒಂದು ಬೆಳಿಗ್ಗೆ ಶಾಲಾ ಪ್ರವಾಸಕ್ಕೆ ಬಂದ ಹೆಣ್ಣುಮಕ್ಕಳು ನಮ್ಮನ್ನು ನೋಡಿ ಬಾಯಿಗೆ ಕೈಯಿಟ್ಟುಕೊಂಡು ನಕ್ಕರು. ಎಣಿಕೆ ನಲವತ್ತರ ಹತ್ತಿರ ತಪ್ಪಿತು. ಅವಳು ಕೈ ಎಳೆದುಕೊಳ್ಳುತ್ತಾಳೆ ಎಂದುಕೊಂಡೆ. ಎಳೆದುಕೊಳ್ಳಲಿಲ್ಲ. "ಇನ್ನು ಎಣಿಸೋದು ಬೇಡ ಅಂತ ಡಾಕ್ಟರಮ್ಮ ನನಗೂ ಹೇಳಿದ್ರು ಕಣ್ರೀ, ಅದೇ ದಿನ" ಎಂದಳು, ಎದುರಿನ ಗೋಡೆಯ ಕಡೆ ನೋಡುತ್ತ. "ಲೆಕ್ಕ ತಪ್ತಾ? ಮೊದಲಿಂದ ಎಣಿಸಿ. ಬಸ್ಸಿಗೆ ಇನ್ನೂ ಹೊತ್ತಿದೆ."

ನಾನು ಮತ್ತೆ ಒಂದರಿಂದ ಶುರುಮಾಡಿದೆ.